70 ದಾಟಿದವರ ಬೆಳಗಿನ ತಿಂಡಿ: 'ಹಗುರ' ಅಂದರೆ ಗಂಜಿಯೇ ಆಗಬೇಕಾ?

ಬಸವನಗುಡಿ ಬೆಳಗು
ವಯಸ್ಸಾದವರಿಗೆ ತಿಂಡಿ ಅಂದ ಕೂಡಲೇ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಹಗುರವಾಗಿ ಏನಾದರೂ ಕೊಡಿ.' ಆ ಹಗುರ ಕೊನೆಗೆ ಬಂದು ನಿಲ್ಲೋದು ನೀರು ನೀರಾದ ರಾಗಿ ಗಂಜಿಯಲ್ಲಿ, ಇಲ್ಲವೇ ಹಾಲಿಗೆ ಅದ್ದಿದ ಎರಡು ರಸ್ಕಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಸುಸ್ತು, ತಲೆಸುತ್ತು, 'ಕಾಲಲ್ಲಿ ಶಕ್ತಿಯೇ ಇಲ್ಲ' ಅನ್ನೋ ದೂರು.

70–80ರ ವಯಸ್ಸು, ಸುಮಾರು 60 ಕೆ.ಜಿ. ತೂಕ, ಬಿಪಿ–ಶುಗರ್ ಮಾತ್ರೆ ಇದೆ, ದವಡೆ ಹಲ್ಲು ಅರ್ಧ ಹೋಗಿದೆ, ಹಸಿವು ಕಡಿಮೆ. ಇಂಥವರಿಗೆ ಬೆಳಿಗ್ಗೆ ಏನು, ಎಷ್ಟು, ಎಷ್ಟು ಹೊತ್ತಿಗೆ? ಅಳತೆ ಸಮೇತ ಬರೆಯಿರಿ. 'ಪೌಷ್ಟಿಕವಾದದ್ದು ಕೊಡಿ' ಅಂತ ಬರೆದರೆ ಅಡುಗೆಮನೆಯಲ್ಲಿ ನಿಂತವರಿಗೆ ಏನೂ ಪ್ರಯೋಜನ ಇಲ್ಲ.

ಹಳೇ ಮೈಸೂರು
ಇಡ್ಲಿ ಬಿಟ್ಟು ಬೇರೆ ಯೋಚನೆಯೇ ಬೇಡ. ಆವಿಯಲ್ಲಿ ಬೆಂದದ್ದು, ಎಣ್ಣೆ ಇಲ್ಲ, ಹುದುಗಿದ ಹಿಟ್ಟು, ಹಲ್ಲಿಲ್ಲದಿದ್ದರೂ ತಿನ್ನಬಹುದು. ಮೂರು ಇಡ್ಲಿ, ಒಂದು ಲೋಟ ಕಾಫಿ.

ಅಳತೆ ಲೋಟ
ಇಡ್ಲಿ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಲೆಕ್ಕ ಹಾಕೋಣ.

2020ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಲ್ಲಿ ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್. ವೃದ್ಧಾಪ್ಯದ ಆಹಾರ ನೋಡುವ ತಜ್ಞರು ಹೇಳೋದು ಅದಕ್ಕಿಂತ ಹೆಚ್ಚು, 1ರಿಂದ 1.2 ಗ್ರಾಂ. ವಯಸ್ಸಾದ ಸ್ನಾಯು ಸ್ವಲ್ಪ ಪ್ರೋಟೀನಿಗೆ ಜಗ್ಗೋದಿಲ್ಲ. ಹರೆಯದವರ ಸ್ನಾಯು 10 ಗ್ರಾಂಗೆ ಮಾಡುವ ಕೆಲಸಕ್ಕೆ ಇವರಿಗೆ ಹೆಚ್ಚು ಬೇಕು, ಅದೂ ಒಂದೇ ಹೊತ್ತಿಗೆ. 60 ಕೆ.ಜಿ. ಅಂದರೆ ದಿನಕ್ಕೆ 60 ಗ್ರಾಂ, ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 20.

ಈಗ ತಟ್ಟೆ ನೋಡಿ. ಒಂದು ಇಡ್ಲಿಯಲ್ಲಿ 2 ಗ್ರಾಂ ಆಸುಪಾಸು, ಮೂರಕ್ಕೆ 6. 60 ಗ್ರಾಂ ರವೆಯ ಉಪ್ಪಿಟ್ಟಿನಲ್ಲಿ 6–7. 60 ಗ್ರಾಂ ಅವಲಕ್ಕಿಯಲ್ಲಿ ನಾಲ್ಕೂವರೆ. ಎರಡು ಚಮಚ ಹಿಟ್ಟಿನ ರಾಗಿ ಗಂಜಿಯಲ್ಲಿ ಒಂದೂವರೆ ಗ್ರಾಂ. ಮೇಲೆ ಹೇಳಿದ ಸುಸ್ತಿಗೆ ಬೇರೆ ಕಾರಣವೂ ಇರಬಹುದು, ಆದರೆ ಮೊದಲು ನೋಡಬೇಕಾದ್ದು ಇದನ್ನೇ.

ಹಳೇ ಮೈಸೂರು
ಹಾಗಾದರೆ ಉದ್ದು ಜಾಸ್ತಿ ಹಾಕಿ ರುಬ್ಬಿದರಾಯ್ತು. ಮೂರಕ್ಕೆ ಒಂದರ ಬದಲು ಎರಡಕ್ಕೆ ಒಂದು.

ಅಳತೆ ಲೋಟ
ಅದರಿಂದ ಇಡ್ಲಿಗೆ ಕಾಲು ಗ್ರಾಂ ಹೆಚ್ಚಾದರೆ ಹೆಚ್ಚು. ಉದ್ದು ಹೆಚ್ಚಾದರೆ ಇಡ್ಲಿ ಚಪ್ಪಟೆಯಾಗಿ ಅಂಟಂಟಾಗುತ್ತೆ, ಕೃತಕ ಹಲ್ಲಿಗೆ ಮೆತ್ತಿಕೊಳ್ಳುತ್ತೆ.

ಬದಲಾಯಿಸಬೇಕಾದ್ದು ಸಾಂಬಾರ್. ಒಬ್ಬರಿಗೆ 30 ಗ್ರಾಂ, ಅಂದರೆ ಎರಡು ದೊಡ್ಡ ಚಮಚ ತುಂಬ ತೊಗರಿ ಬೇಳೆ ಬೀಳುವಂತೆ ಗಟ್ಟಿಯಾಗಿ ಮಾಡಿ, ಆರೂವರೆ ಗ್ರಾಂ ಅಲ್ಲೇ ಸಿಗುತ್ತೆ. ತೆಳು ಸಾಂಬಾರಿನಲ್ಲಿ ಎರಡು ಗ್ರಾಂ ಸಿಕ್ಕರೆ ಪುಣ್ಯ. ಚಟ್ನಿಗೆ ತೆಂಗಿನಕಾಯಿ ಅರ್ಧ, ಹುರಿಗಡಲೆ ಅರ್ಧ. ಎರಡೇ ಇಡ್ಲಿ, ಒಂದು ದೊಡ್ಡ ಬಟ್ಟಲು ಸಾಂಬಾರ್, ಕೊನೆಗೆ ಒಂದು ಬಟ್ಟಲು ಮೊಸರು. ಇಷ್ಟಾದರೆ 17–18ಕ್ಕೆ ಬರುತ್ತೆ. ಇಡ್ಲಿ ಕಡಿಮೆ, ಜೊತೆಗಿನದು ಜಾಸ್ತಿ.

ಧಾರವಾಡದಾಕಿ
ಅಲ್ರೀ, ಎಲ್ಲಾರೂ ಇಡ್ಲಿ ಇಡ್ಲಿ ಅನ್ಲಿಕ್ಹತ್ತೀರಿ, ಜ್ವಾಳದ ರೊಟ್ಟಿ ಮರತೇ ಬಿಟ್ರಿ ಏನು? ಒಂದು ಬಿಸಿ ರೊಟ್ಟಿ, ಮಡಕಿ ಕಾಳು ಇಲ್ಲಾ ಹೆಸರು ಕಾಳಿನ ಪಲ್ಯ, ಶೇಂಗಾ ಹಿಂಡಿ, ಒಂದು ವಾಟಿ ಮೊಸರು. ನಿಮ್ಮ 20 ಗ್ರಾಂ ಲೆಕ್ಕ ಇದರಾಗ ಕೂಡೇ ಕೂಡತದ.

ಹಲ್ಲು ಇಲ್ಲದವರಿಗೆ ಕಟಕ್ ರೊಟ್ಟಿ ಕೊಡಬ್ಯಾಡ್ರಿ. ಮೆತ್ತನ್ನ ರೊಟ್ಟಿ ಆಗಬೇಕಂದ್ರ ಕುದಿಯೋ ನೀರಾಗ ಹಿಟ್ಟು ನಾದಬೇಕು, ಹಿಟ್ಟು ಹೊಸಾದಿರಬೇಕು. ಬೀಸಿ ಭಾಳ ದಿನ ಆದ ಹಿಟ್ಟು ಜಿಗಿ ಬಿಡತದ, ರೊಟ್ಟಿ ಸೀಳತದ. ತವಾದ ಮ್ಯಾಲಿಂದ ತಗದ ಕೂಡ್ಲೆ ಅರಿವ್ಯಾಗ ಸುತ್ತಿ ಡಬ್ಬಿಯೊಳಗ ಇಡ್ರಿ, ಹತ್ತು ನಿಮಿಷಕ್ಕ ತನ್ನ ಉಗಿಯೊಳಗ ತಾನ ಮೆತ್ತಗಾಗತದ. ಅಷ್ಟಾದ್ರೂ ಆಗವಲ್ದು ಅಂದ್ರ ಮುರದು ಬಿಸಿ ಬ್ಯಾಳಿಯೊಳಗ ನೆನಸಿ ಕೊಡ್ರಿ.

ಅಳತೆ ಲೋಟ
ಧಾರವಾಡದಾಕಿ ಹೇಳಿದ್ದು ಸರಿ. 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 5, 30 ಗ್ರಾಂ ಒಣಕಾಳಿನ ಪಲ್ಯದಲ್ಲಿ ಆರೂವರೆ–ಏಳು, 15 ಗ್ರಾಂ ಶೇಂಗಾದಲ್ಲಿ ಮೂರೂವರೆ, 150 ಗ್ರಾಂ ಮೊಸರಿನಲ್ಲಿ ನಾಲ್ಕೂವರೆ. 20 ಗ್ರಾಂ ಹತ್ತಿರ ಬಂತು.

ಕಡಲತಡಿ
ಗಂಜಿಯನ್ನು ಇಷ್ಟು ಹಳಿಯಬೇಡಿ ಮಾರಾಯ್ರೆ. ಕುಚ್ಚಲಕ್ಕಿ ಗಂಜಿ ಊಟ ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ಹಸಿವಿಲ್ಲದವರಿಗೂ ಇಳಿಯುತ್ತದೆ, ನೀರಿನ ಅಂಶವೂ ಹೊಟ್ಟೆ ಸೇರುತ್ತದೆ. ಮುದುಕರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೆ ಇದು ಒಳ್ಳೆಯ ದಾರಿ.

ತಪ್ಪುವುದು ಗಂಜಿಯಲ್ಲಿ ಅಲ್ಲ, ಅದರ ಬದಿಗೆ ಬೀಳುವ ಉಪ್ಪಿನಕಾಯಿಯಲ್ಲಿ. ಮಿಡಿ ಉಪ್ಪಿನಕಾಯಿ, ಹಪ್ಪಳ, ಮೇಲಿನಿಂದ ಕಲ್ಲುಪ್ಪು. ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ ಉಪ್ಪು, ಅಂದರೆ ಸಪಾಟಾದ ಒಂದು ಸಣ್ಣ ಚಮಚದಷ್ಟೇ. ಬೆಳಗ್ಗೆಯೇ ಅರ್ಧ ಮುಗಿದರೆ ಬಿಪಿ ಇಳಿಯುವುದು ಹೇಗೆ? ಉಪ್ಪಿನಕಾಯಿ ಬದಲು ಹೆಸರುಕಾಳಿನ ಉಸ್ಲಿ, ಹುರುಳಿ ಚಟ್ನಿ, ಒಂದೆಲಗದ ತಂಬುಳಿ ಇಡಿ. ಬಾಯಿರುಚಿಗೆ ಲಿಂಬೆ, ಶುಂಠಿ, ಕಾಳುಮೆಣಸು ಸಾಕು.

ಪಥ್ಯದ ಪಾಠ
ಉಪ್ಪಿನ ಮಾತು ಬಂತಲ್ಲ, ಅಡಗಿ ಕೂತಿರುವ ಇನ್ನೊಂದಿದೆ: ಅಡುಗೆ ಸೋಡಾ. ಒಂದು ಸಣ್ಣ ಚಮಚ ಸೋಡಾದಲ್ಲಿ 1,200 ಮಿ.ಗ್ರಾಂ.ಗಿಂತ ಹೆಚ್ಚು ಸೋಡಿಯಂ ಇರುತ್ತೆ, ಅಂದರೆ ಮೂರು ಗ್ರಾಂ ಉಪ್ಪು ತಿಂದ ಹಾಗೆ. ದಿಢೀರ್ ರವೆ ಇಡ್ಲಿ ಪೊಟ್ಟಣ, ಮಸಾಲೆ ಓಟ್ಸ್ ಪೊಟ್ಟಣ ಎರಡರ ಹಿಂದೆಯೂ ಸೋಡಿಯಂ ಸಾಲು ಓದಿ. ಹುದುಗಿಸಿದ ಹಿಟ್ಟಿಗೆ ಸೋಡಾ ಬೇಕೇ ಇಲ್ಲ.

'ಕಡಿಮೆ ಸೋಡಿಯಂ ಉಪ್ಪು' ಅಂತ ಸಿಗುತ್ತಲ್ಲ, ಅದರಲ್ಲಿ ಒಂದಷ್ಟು ಪಾಲು ಬೇರೆ ಲವಣ, ಪೊಟ್ಯಾಸಿಯಂ ಕ್ಲೋರೈಡ್. ಮೂತ್ರಪಿಂಡ ದುರ್ಬಲ ಇರುವವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದ ಬಿಪಿ–ಹೃದಯದ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತೆ.

ರಾಗಿ ತೆನೆ
ರಾಗಿಯ ಬಗ್ಗೆ ಒಬ್ಬರೂ ಒಳ್ಳೆ ಮಾತು ಆಡಲಿಲ್ಲವಲ್ಲ. 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು. ಕ್ಯಾಲ್ಸಿಯಂನಲ್ಲಿ ಅಕ್ಕಿ, ಗೋಧಿ ಹತ್ತಿರಕ್ಕೂ ಬರಲ್ಲ. ಮೂಳೆ ಸವೆದ ವಯಸ್ಸಿಗೆ ಇದಕ್ಕಿಂತ ಬೇಕಾ?

ಅಳತೆ ಲೋಟ
100 ಗ್ರಾಂ ಯಾರು ಕುಡೀತಾರೆ? ಗಂಜಿಗೆ ಬೀಳೋದು 20 ಗ್ರಾಂ, ಅದರಲ್ಲಿ 70 ಮಿ.ಗ್ರಾಂ. ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ ಬೇಕಾದ್ದು 1,200. ಗಂಜಿಯ ಜೊತೆ ಒಂದು ಲೋಟ ಹಾಲು ಸೇರಿದಾಗಲೇ ಅದಕ್ಕೆ ಅರ್ಥ.

ಪಥ್ಯದ ಪಾಠ
ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ತಿಳಿದಿರಬೇಕು. ನುಣ್ಣಗೆ ಬೀಸಿ, ಜರಡಿ ಹಿಡಿದು, ಚೆನ್ನಾಗಿ ಕುದಿಸಿದ ತೆಳು ರಾಗಿ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತೆ. ಪಿಷ್ಟ ಆಗಲೇ ಅರಳಿ ನಿಂತಿರುತ್ತೆ, ಹೊಟ್ಟೆಗೆ ಅರೆಯುವ ಕೆಲಸವೇ ಉಳಿದಿರಲ್ಲ. ಅದೇ ರಾಗಿ ರೊಟ್ಟಿಯಾಗಿ, ಸೊಪ್ಪು, ಈರುಳ್ಳಿ, ಮೊಸರಿನ ಜೊತೆ ಹೋದರೆ ನಿಧಾನ. 'ರಾಗಿ ಶುಗರ್‌ಗೆ ಒಳ್ಳೆಯದು' ಅಂತ ಬೆಲ್ಲ ಹಾಕಿದ ಮಾಲ್ಟ್ ಕೊಡುವವರು ದಯವಿಟ್ಟು ಕುಡಿದು ಎರಡು ಗಂಟೆಯಾದ ಮೇಲೆ ಒಂದು ಸಲ ಸಕ್ಕರೆ ಪರೀಕ್ಷೆ ಮಾಡಿ ನೋಡಿ. ಬೆಲ್ಲವೂ ಸಕ್ಕರೆಯೇ.

ರಾಗಿ ತೆನೆ
ಒಪ್ಪಿದೆ, ಆದರೆ ಗಂಜಿ ಬಿಟ್ಟರೆ ಬೇರೇನೂ ಒಳಗೆ ಹೋಗದ ಸ್ಥಿತಿ ಇರುವವರಿಗೆ ಅದನ್ನೇ ಸರಿಮಾಡಿ ಕೊಡಬೇಕಲ್ಲ. ವಿಧಾನ ಇದು.

ರಾಗಿಯನ್ನು 10–12 ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಬಿಡಿ. ಎಳ್ಳಿನಷ್ಟು ಮೊಳಕೆ ಬಂದರೆ ಸಾಕು, ಬೇರು ಉದ್ದವಾದರೆ ಕಹಿ. ನೆರಳಲ್ಲಿ ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವ ತನಕ ಮಾತ್ರ ಹುರಿದು ಬೀಸಿಸಿ. ಒಳಗೆ ಹಸಿ ಉಳಿದರೆ ಹಿಟ್ಟು ಬೂಸ್ಟು ಹಿಡಿಯುತ್ತೆ. ಎರಡು ಪಾಲು ಈ ಹಿಟ್ಟಿಗೆ ಒಂದು ಪಾಲು ಹುರಿಗಡಲೆ ಹಿಟ್ಟು ಸೇರಿಸಿ ಡಬ್ಬಿಗೆ ತುಂಬಿ.

ಒಬ್ಬರಿಗೆ ಮೂರು ದೊಡ್ಡ ಚಮಚ, ಸುಮಾರು 40 ಗ್ರಾಂ. ಅರ್ಧ ಲೋಟ ತಣ್ಣೀರಲ್ಲಿ ಮೊದಲು ಗಂಟಿಲ್ಲದೆ ಕದಡಿ, ಆಮೇಲೆ ಕುದಿಯುವ ನೀರಿಗೆ ಬಿಡಿ. ಬಿಸಿನೀರಿಗೆ ನೇರ ಒಣಹಿಟ್ಟು ಸುರಿದರೆ ಹೊರಗೆ ಬೆಂದು ಒಳಗೆ ಹಸಿ ಉಳಿದ ಗಂಟುಗಳಾಗುತ್ತವೆ. ಸಣ್ಣ ಉರಿಯಲ್ಲಿ ಆರೇಳು ನಿಮಿಷ ತಿರುವಿದರೆ ಹಸಿವಾಸನೆ ಹೋಗಿ ಮೇಲೆ ಹೊಳಪು ಬರುತ್ತೆ. ಇಳಿಸಿ 150 ಮಿ.ಲೀ. ಹಾಲು. 9–10 ಗ್ರಾಂ ಪ್ರೋಟೀನ್ ಒಂದೇ ಲೋಟದಲ್ಲಿ.

ಮೊಳಕೆ ಹಿಟ್ಟಿನ ದೊಡ್ಡ ಗುಣ ಏನಂದರೆ ಅದು ಗಟ್ಟಿಯಾಗಲ್ಲ. ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಪಿಷ್ಟವನ್ನು ಒಡೆಯುತ್ತೆ, ಹಾಗಾಗಿ ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಿಡಿಸಬಹುದು. ಜರಡಿ ಹಿಡಿಯಬೇಡಿ, ಸಿಪ್ಪೆಯಲ್ಲೇ ಕ್ಯಾಲ್ಸಿಯಂ ಹೆಚ್ಚು.

ತುಮಕೂರು ತೋಟ
ಮುದ್ದೆ ಯಾಕೆ ಯಾರೂ ಹೇಳ್ತಿಲ್ಲ? ಬೆಳಿಗ್ಗೆನೇ ಬಿಸಿ ಮುದ್ದೆ, ಸೊಪ್ಪಿನ ಸಾರು. ಅಗಿಯೋ ಕೆಲಸವೇ ಇಲ್ಲ, ನುಂಗಿದ್ರೆ ಆಯ್ತು.

ಮಾತ್ರೆ ಡಬ್ಬಿ
ಅಗಿಯದೆ ನುಂಗೋದೇ ಅಪಾಯ, ಕೆಲವರಿಗೆ. ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ ಇರುವವರ ಗಂಟಲ ಸ್ನಾಯು ನಿಧಾನ. ತಿನ್ನುವಾಗ ಕೆಮ್ಮು, ತಿಂದ ಮೇಲೆ ಗಂಟಲಲ್ಲಿ ನೀರು ತುಂಬಿದ ಹಾಗೆ ಗೊರಗೊರ ಸ್ವರ, ಕೆನ್ನೆಯೊಳಗೆ ತುತ್ತು ಉಳಿಯೋದು, ಪದೇ ಪದೇ ಎದೆ ಸೋಂಕು, ಈ ನಾಲ್ಕರಲ್ಲಿ ಒಂದಿದ್ದರೂ ಮುದ್ದೆ ನಿಲ್ಲಿಸಿ. ಒಣ ಅವಲಕ್ಕಿ, ಬ್ರೆಡ್, ಇಡೀ ಶೇಂಗಾ ಕೂಡ ಬೇಡ. ಹಾಲಿನಲ್ಲಿ ತೇಲುವ ಅವಲಕ್ಕಿ ಮೃದು ಅನ್ನಿಸುತ್ತೆ, ನಿಜಕ್ಕೂ ಕಷ್ಟದ್ದು: ತೆಳು ದ್ರವ ಮೊದಲು ಜಾರುತ್ತೆ, ತುಣುಕು ಹಿಂದೆ ಉಳಿಯುತ್ತೆ. ಒಂದೇ ಹದದ ಗಟ್ಟಿ ಗಂಜಿ, ಕಿವುಚಿದ ಪೊಂಗಲ್ ಅದಕ್ಕಿಂತ ಸುರಕ್ಷಿತ.

ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಕಡೆ, ಸಣ್ಣ ಚಮಚ, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನುಂಗುವ ಪರೀಕ್ಷೆ ಮಾಡೋದು ವಾಕ್ ಚಿಕಿತ್ಸಕರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಆ ತಜ್ಞತೆ ಇದೆ.

ತುಮಕೂರು ತೋಟ
ಗಂಟಲು ಚೆನ್ನಾಗಿರೋರಿಗೆ ಮುದ್ದೆ ಕೊಡಬಹುದು ತಾನೇ?

ಮಾತ್ರೆ ಡಬ್ಬಿ
ಖಂಡಿತ. ನಿಂಬೆಹಣ್ಣಿನ ಗಾತ್ರದ ತುತ್ತು ಬೇಡ, ನೆಲ್ಲಿಕಾಯಿ ಗಾತ್ರ ಸಾಕು. ಸಾರಿನಲ್ಲಿ ಕಾಳು ಇರಲಿ.

ಬಸವನಗುಡಿ ಬೆಳಗು
ಮಾತ್ರೆ ಡಬ್ಬಿ ಅವರೇ, ಮಾತ್ರೆಗಳ ಹೊತ್ತಿನ ಬಗ್ಗೆಯೂ ಬರೆಯಿರಿ. ಬೆಳಿಗ್ಗೆ ಐದಾರು ಮಾತ್ರೆ ಒಟ್ಟಿಗೆ ಅಂಗೈಗೆ ಸುರಿದು ಕಾಫಿ ಜೊತೆ ನುಂಗಿಸುವ ಮನೆಗಳೇ ಹೆಚ್ಚು.

ಮಾತ್ರೆ ಡಬ್ಬಿ
ಅದು ನಿಲ್ಲಬೇಕು. ನಿಮ್ಮ ಚೀಟಿಯಲ್ಲಿ ಬೇರೆ ಥರ ಬರೆದಿದ್ದರೆ ಚೀಟಿಯೇ ಅಂತಿಮ. ಸಾಮಾನ್ಯವಾಗಿ ಹೀಗೆ:

ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದರಿಂದ ನಾಲ್ಕು ಗಂಟೆ ದೂರ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಒಳಗೇ ಹೀರೋದಿಲ್ಲ. ಆರಕ್ಕೆ ಥೈರಾಯ್ಡ್, ಏಳಕ್ಕೆ ಕಾಫಿ, ಎಂಟಕ್ಕೆ ತಿಂಡಿ, ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ.

ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಕೂಡ ಖಾಲಿ ಹೊಟ್ಟೆಗೆ, ಒಂದು ಪೂರ್ತಿ ಲೋಟ ನೀರಿನಲ್ಲಿ. ಅರ್ಧ ಗಂಟೆ ಕೂತೇ ಇರಬೇಕು ಇಲ್ಲವೇ ನಿಂತಿರಬೇಕು. ಮಲಗಿದರೆ ಅನ್ನನಾಳ ಸುಡುತ್ತೆ.

ಗ್ಲಿಮೆಪಿರೈಡ್ ಥರದ ಸಕ್ಕರೆ ಮಾತ್ರೆ ತಿಂಡಿ ತಟ್ಟೆ ಎದುರಿಗೆ ಬಂದ ಮೇಲೆಯೇ. ಮಾತ್ರೆ ನುಂಗಿ 'ಪೂಜೆ ಮುಗಿಸಿ ತಿಂತೀನಿ' ಅಂತ ಹೋದರೆ ಸಕ್ಕರೆ ಕುಸಿಯುತ್ತೆ. ಏಕಾದಶಿ, ಸಂಕಷ್ಟಿ ಉಪವಾಸದ ದಿನ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ವಯಸ್ಸಾದವರಲ್ಲಿ ಈ ಸಕ್ಕರೆ ಕುಸಿತ ಬೆವರು–ನಡುಕ ಇಲ್ಲದೆಯೂ ಬರೀ ಮಂಕು, ತೊದಲು, ಸಿಡಿಮಿಡಿ ಆಗಿ ಕಾಣಿಸಬಹುದು. ಎಚ್ಚರ ಇದ್ದರೆ ಮೂರು ಸಣ್ಣ ಚಮಚ ಸಕ್ಕರೆ ಅರ್ಧ ಲೋಟ ನೀರಲ್ಲಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಸಕ್ಕರೆಗೇ ಕೊಡುವ ಮೆಟ್‌ಫಾರ್ಮಿನ್ ತಿಂಡಿಯ ಜೊತೆ. ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತೆ. ಸಸ್ಯಾಹಾರಿಗಳು ವರ್ಷಕ್ಕೊಮ್ಮೆ ಆ ಪರೀಕ್ಷೆ ಮಾಡಿಸಿ. ಬಿ12 ಇಳಿದಾಗ ಬರುವ ಕಾಲಿನ ಜೋಮನ್ನು ಎಲ್ಲರೂ 'ವಯಸ್ಸಾಯ್ತು' ಅಂತ ತಳ್ಳಿಹಾಕ್ತಾರೆ.

ಸಬ್ಬಸಿಗೆ
ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರಿಗೆ ಸೊಪ್ಪು ಕೊಡಲೇಬಾರದು ಅಂತಾರಲ್ಲ?

ಮಾತ್ರೆ ಡಬ್ಬಿ
ಕೊಡಬಹುದು, ಪ್ರತಿವಾರ ಒಂದೇ ಪ್ರಮಾಣದಲ್ಲಿ. ಒಂದು ವಾರ ದಿನಾ ಸೊಪ್ಪಿನ ರೊಟ್ಟಿ, ಮುಂದಿನ ವಾರ ಸೊನ್ನೆ, ಹೀಗೆ ಏರುಪೇರಾದರೆ ರಕ್ತ ತೆಳುವಾಗುವ ಲೆಕ್ಕ ತಪ್ಪುತ್ತೆ.

ಹಳೇ ಮೈಸೂರು
ತಿಂಡಿ ತಿಂದ ಮೇಲೇ ತಲೆಸುತ್ತು ಬರೋದು ಯಾಕೆ? ಖಾಲಿ ಹೊಟ್ಟೆಗೆ ಸುಸ್ತಾದರೆ ಅರ್ಥ ಇದೆ. ತಿಂದು ಏಳುವಾಗಲೇ ಗೋಡೆ ಹಿಡಿಯುವವರಿದ್ದಾರೆ.

ಪಥ್ಯದ ಪಾಠ
ಒಳ್ಳೆಯ ಪ್ರಶ್ನೆ, ಇದನ್ನು ಕೇಳುವವರೇ ಕಡಿಮೆ. ತಿಂದ ಮೇಲೆ ರಕ್ತ ಹೊಟ್ಟೆ–ಕರುಳಿನ ಕಡೆ ಹರಿಯುತ್ತೆ. ಹರೆಯದಲ್ಲಿ ಹೃದಯ ವೇಗ ಹೆಚ್ಚಿಸಿ, ಉಳಿದ ನಾಳಗಳನ್ನು ಬಿಗಿಮಾಡಿ ಸರಿದೂಗಿಸುತ್ತೆ. ವಯಸ್ಸಾದಾಗ ಆ ಹೊಂದಾಣಿಕೆ ತಡ. ಎರಡು ಗಂಟೆಯೊಳಗೆ ಮೇಲಿನ ಬಿಪಿ 20 ಅಥವಾ ಹೆಚ್ಚು ಇಳಿದರೆ ಅದನ್ನು ಗಂಭೀರವಾಗಿ ನೋಡಬೇಕು. ಬೆಳಗಿನ ಹೊತ್ತು, ದೊಡ್ಡ ತಟ್ಟೆ, ಬರೀ ಪಿಷ್ಟ, ಅದರ ಜೊತೆಗೇ ಬಿಪಿ ಮಾತ್ರೆ, ಇವೆಲ್ಲ ಕೂಡಿದಾಗ ಹೆಚ್ಚು. ಎಷ್ಟೋ ಬೀಳುವಿಕೆ, ಸೊಂಟದ ಮೂಳೆ ಮುರಿತ ತಿಂಡಿ ತಿಂದು ಬಚ್ಚಲಿಗೆ ಹೋಗುವ ದಾರಿಯಲ್ಲೇ ಆಗಬಹುದು.

ಕೂತು ಬಿಪಿ ನೋಡಿ: ತಿಂಡಿಗೆ ಮುಂಚೆ ಒಮ್ಮೆ, ತಿಂದ 30, 60, 90 ನಿಮಿಷಕ್ಕೆ ಒಮ್ಮೊಮ್ಮೆ. ಮೂರು ದಿನದ ಅಂಕಿ ಬರೆದು ವೈದ್ಯರಿಗೆ ತೋರಿಸಿ, ಮಾತ್ರೆಯ ಹೊತ್ತು ಅವರು ಬದಲಾಯಿಸಬಹುದು, ನೀವಾಗಿ ಬದಲಾಯಿಸಬೇಡಿ. ಮನೆಯಲ್ಲಿ ಮಾಡಬಹುದಾದ್ದು: ಒಂದೇ ಸಲ ನಾಲ್ಕು ದೋಸೆ ಬೇಡ, ಎಂಟಕ್ಕೆ ಎರಡು, ಹತ್ತೂವರೆಗೆ ಇನ್ನೊಂದು ಸಣ್ಣ ತಿಂಡಿ. ತಿನ್ನುವ ಮುಂಚೆ ಒಂದೂವರೆ ಲೋಟ ನೀರು, ಆದರೆ ಹೃದಯ ವೈಫಲ್ಯಕ್ಕೆ ನೀರಿನ ಮಿತಿ ಇರುವವರಿಗೆ ಇದು ಬೇಡ. ತಿಂದ ಮೇಲೆ ಅರ್ಧ ಗಂಟೆ ಕೂತಿರಲಿ.

ಕಡಲತಡಿ
ಬೀಳುವುದರ ಹಿಂದೆ ತಿಂಡಿಯ ಕೈವಾಡ ಇರಬಹುದು ಅಂತ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದಿಲ್ಲ. ಇದನ್ನು ಎಲ್ಲರೂ ಓದಬೇಕು.

ಮೊಟ್ಟೆ ಪರ
ಇಷ್ಟೆಲ್ಲ ಲೆಕ್ಕ ಯಾಕೆ? ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ. ಹಳದಿ ಮಾತ್ರ ಬಿಸಾಡಿ, ಕೊಲೆಸ್ಟ್ರಾಲ್.

ಅಳತೆ ಲೋಟ
ಹಳದಿ ಬಿಸಾಡಿದರೆ 12 ಎಲ್ಲಿ ಉಳಿಯುತ್ತೆ, 7ಕ್ಕೆ ಇಳಿಯುತ್ತೆ. ಬಿ12, ಡಿ ಜೀವಸತ್ವ ಇರೋದೂ ಹಳದಿಯಲ್ಲೇ. ಹೃದಯದ ತೊಂದರೆ, ಸಕ್ಕರೆ ಇಲ್ಲದವರಿಗೆ ದಿನಕ್ಕೊಂದು ಪೂರ್ತಿ ಮೊಟ್ಟೆ ಚಿಂತೆಯ ವಿಷಯವಲ್ಲ. ಇರುವವರು ವೈದ್ಯರನ್ನು ಕೇಳಿ. ಹಲ್ಲಿಲ್ಲದವರಿಗೆ ಗಟ್ಟಿ ಬೇಯಿಸಿದ್ದಕ್ಕಿಂತ ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಕದಡಿದ ಮೊಟ್ಟೆ ಸುಲಭ. ಲೋಳೆ ಲೋಳೆ ಉಳಿಸಬೇಡಿ, ಪೂರ್ತಿ ಬೇಯಲಿ.

ಪಥ್ಯದ ಪಾಠ
ಪ್ರೋಟೀನ್ ಪ್ರೋಟೀನ್ ಅಂತ ಎಲ್ಲರೂ ಹೊರಡುವ ಮುಂಚೆ ಒಂದು ತಡೆ. ಮೂತ್ರಪಿಂಡ ಸೊರಗಿದ್ದು, ಡಯಾಲಿಸಿಸ್ ಇನ್ನೂ ಶುರುವಾಗದವರಿಗೆ 20 ಗ್ರಾಂ ಲೆಕ್ಕ ಅನ್ವಯಿಸಲ್ಲ. ಅವರಿಗೆ ಕೆ.ಜಿ.ಗೆ 0.6–0.8 ಗ್ರಾಂ ಸುತ್ತ ಮಿತಿ ಇರುತ್ತೆ. ಡಯಾಲಿಸಿಸ್ ಮೇಲಿರುವವರಿಗೆ ಮತ್ತೆ ಹೆಚ್ಚು ಬೇಕು. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ನೋಡದೆ ತಟ್ಟೆ ಬದಲಾಯಿಸಬೇಡಿ. ಡಬ್ಬಿಯ ಪ್ರೋಟೀನ್ ಪುಡಿಗಿಂತ ಬೇಳೆ–ಮೊಸರು ಮೊದಲು. ಸ್ನಾಯು ಬೆಳೆಸೋಕೆ ಅಂತ ಪ್ರೋಟೀನ್ ಪುಡಿ ಬೇಡ ಅಂತಲೇ 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಹೇಳಿದೆ.

ಸಬ್ಬಸಿಗೆ
ನುಚ್ಚಿನುಂಡೆಯ ಹೆಸರು ಒಬ್ಬರೂ ಎತ್ತಲಿಲ್ಲ, ಬೇಸರದ ಸಂಗತಿ. ಬರೀ ಬೇಳೆ, ಸೊಪ್ಪು, ಆವಿ. ಕೇಳುತ್ತಿರುವುದೆಲ್ಲ ಅದರಲ್ಲಿದೆ.

ತೊಗರಿ ಬೇಳೆ ಒಂದು ಲೋಟ, 200 ಗ್ರಾಂ. ಮೂರು ಗಂಟೆ ನೆನೆಸಿ, ರಾತ್ರಿಯಿಡೀ ಬೇಡ, ನೀರು ಕುಡಿದು ಉಂಡೆ ಕಟ್ಟಲ್ಲ. ಜಾಲರಿಯಲ್ಲಿ ಕಾಲು ಗಂಟೆ ಸೋರಲು ಬಿಡಿ, ಹಿಡಿಯಲ್ಲಿ ಹಿಂಡಿದರೆ ಹನಿ ಬೀಳಬಾರದು. ಒಂದಿಂಚು ಶುಂಠಿ, ಮೂರು ಹಸಿಮೆಣಸು ಹಾಕಿ ನೀರು ಸೇರಿಸದೆ ಅರೆಯಿರಿ. ಅರ್ಧ ಲೋಟ ಹೆಚ್ಚಿದ ಸಬ್ಬಸಿಗೆ, ಕಾಲು ಲೋಟ ಕಾಯಿತುರಿ, ಜೀರಿಗೆ, ಇಂಗು, ಮುಕ್ಕಾಲು ಸಣ್ಣ ಚಮಚ ಉಪ್ಪು, ಒಂದು ಚಮಚ ಎಣ್ಣೆ. ಕೈಗೆ ನೀರು ಸವರಿ ಬೆರಳುದ್ದದ ಉಂಡೆ ಮಾಡಿ 12–15 ನಿಮಿಷ ಆವಿಗೆ. 12 ಉಂಡೆ, ಒಂದಕ್ಕೆ ಮೂರೂವರೆ ಗ್ರಾಂ. ನಾಲ್ಕು ಉಂಡೆ, ಒಂದು ಬಟ್ಟಲು ಮಜ್ಜಿಗೆಹುಳಿ, ತಟ್ಟೆ ತುಂಬಿತು.

ಹಳೇ ಮೈಸೂರು
ಅದು ಕಲ್ಲಾಗುತ್ತೆ. ವಯಸ್ಸಾದವರು ಹೇಗೆ ಅಗಿಯೋದು?

ಸಬ್ಬಸಿಗೆ
ಕಲ್ಲಾಗೋದು ಪೂರ್ತಿ ನುಣ್ಣಗೆ ಅರೆದಾಗ. ಹಿಟ್ಟು ಒತ್ತಾಗಿ ಕೂತು ಆವಿ ಒಳಗೆ ಹೋಗಲ್ಲ. ಪೂರ್ತಿ ತರಿಯಾದರೆ ಉದುರುತ್ತೆ, ತುಣುಕು ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತೆ. ಎರಡು ಪಾಲು ನುಣ್ಣಗೆ, ಒಂದು ಪಾಲು ತರಿ ಮಾಡಿ ಬೆರೆಸಿ. ಎರಡು ದೊಡ್ಡ ಚಮಚ ತುರಿದ ಸೋರೆಕಾಯಿ ಹಿಂಡಿ ಸೇರಿಸಿದರೆ ಒಳಗೆ ಒದ್ದೆ ಉಳಿಯುತ್ತೆ. ಮುರಿದಾಗ ಮಧ್ಯದ ಬಣ್ಣ ಹೊರಗಿನಂತೆಯೇ ತಿಳಿ ಹಳದಿ ಇರಬೇಕು, ಕಡು ಹಳದಿ ಚುಕ್ಕೆ ಕಂಡರೆ ಇನ್ನೂ ಮೂರು ನಿಮಿಷ. ಬಿಸಿ ಮಜ್ಜಿಗೆಹುಳಿಯಲ್ಲಿ ಐದು ನಿಮಿಷ ಬಿಟ್ಟು ಕೊಡಿ, ಚಮಚದಲ್ಲಿ ಒತ್ತಿದರೆ ಬಿಡಿಸಿಕೊಳ್ಳುತ್ತೆ.

ಧಾರವಾಡದಾಕಿ
ಮಿಕ್ಸಿಯೊಳಗ ಎರಡು ಹದ ಬರೂದಿಲ್ಲರೀ, ಒರಳಾಗ ಬರತದ.

ಸಬ್ಬಸಿಗೆ
ಬರುತ್ತೆ. ಮೊದಲು ಮೂರನೇ ಒಂದು ಪಾಲು ಬೇಳೆಯನ್ನು ಎರಡು ಸಲ ಝರ್ ಅನ್ನಿಸಿ ತೆಗೆದಿಡಿ, ಉಳಿದದ್ದನ್ನು ನುಣ್ಣಗೆ ತಿರುಗಿಸಿ. ಒಂದೇ ಸಲ ಹಾಕಿದರೆ ಕೆಳಗಿನದು ಪೇಸ್ಟು, ಮೇಲಿನದು ಇಡೀ ಬೇಳೆ.

ರಾಗಿ ತೆನೆ
ಹೊಟ್ಟೆ ಉಬ್ಬರ ಆಗಲ್ವಾ? ಬೆಳಿಗ್ಗೆ ತೊಗರಿ ಬೇಳೆ ಅಂದರೆ ಹೆದರುವವರೇ ಜಾಸ್ತಿ.

ಪಥ್ಯದ ಪಾಠ
ನೆನೆಸಿದ ನೀರು ಚೆಲ್ಲಿ, ಉಬ್ಬರಕ್ಕೆ ಕಾರಣವಾಗುವ ಸಕ್ಕರೆ ಅಂಶ ಅರ್ಧದಷ್ಟು ಆ ನೀರಿನ ಜೊತೆ ಹೋಗಬಹುದು. ಮೊದಲ ವಾರ ಎರಡೇ ಉಂಡೆ, ಆಮೇಲೆ ನಾಲ್ಕು. ವರ್ಷಗಟ್ಟಲೆ ಗಂಜಿ ಕುಡಿದ ಹೊಟ್ಟೆಗೆ ಒಮ್ಮೆಲೇ ಬೇಳೆ ಹೇರಿದರೆ ಅದು ತಿರುಗಿ ಬೀಳುತ್ತೆ. ಹೆಸರು ಬೇಳೆ ಎಲ್ಲಕ್ಕಿಂತ ಸೌಮ್ಯ, ಅದರಿಂದ ಶುರುಮಾಡಿ. ಸಿಪ್ಪೆ ಸಹಿತ ಹೆಸರುಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಶುಂಠಿ, ಜೀರಿಗೆ, ಎರಡು ಚಮಚ ಅಕ್ಕಿ ಜೊತೆ ರುಬ್ಬಿ ಆಗಲೇ ದೋಸೆ ಹುಯ್ಯಬಹುದು, ಹುದುಗೋದು ಬೇಡ. 200 ಗ್ರಾಂ ಕಾಳಿಗೆ ಎಂಟು ದೋಸೆ, ದೋಸೆಗೆ 6 ಗ್ರಾಂ. ತೆಳ್ಳಗೆ ಗರಿ ಮಾಡಬೇಡಿ, ದಪ್ಪಗೆ ಹುಯ್ದು ಮುಚ್ಚಳ ಮುಚ್ಚಿ ಬೇಯಿಸಿ, ಮೆತ್ತಗಿರುತ್ತೆ.

ತುಮಕೂರು ತೋಟ
ತಿಂಡಿ ಜೊತೆ ಹಣ್ಣು? ದೇವನಹಳ್ಳಿ ಚಕ್ಕೋತ ಸೀಸನ್ನಲ್ಲಿ ದಿನಾ ನಾಲ್ಕು ತೊಳೆ ಕೊಡಬಹುದಾ?

ಮಾತ್ರೆ ಡಬ್ಬಿ
ಅಟೋರ್ವಾಸ್ಟಾಟಿನ್ ಥರದ ಕೊಲೆಸ್ಟ್ರಾಲ್ ಮಾತ್ರೆ, ಕೆಲವು ಬಿಪಿ ಮಾತ್ರೆ, ಅಂಗಕಸಿಯ ಮಾತ್ರೆ ತಗೊಳ್ಳುವವರು ಮೊದಲು ಕೇಳಿ. ಚಕ್ಕೋತ ಗ್ರೇಪ್‌ಫ್ರೂಟಿನ ಬಳಗದ್ದು, ಮಾತ್ರೆಯನ್ನು ಒಡೆಯುವ ಕಿಣ್ವವನ್ನು ಅದು ತಡೆಯಬಹುದು, ಮಾತ್ರೆ ರಕ್ತದಲ್ಲಿ ಹೆಚ್ಚು ಉಳಿಯುತ್ತೆ. ಪರಂಗಿ, ಸೀಬೆ ಸುರಕ್ಷಿತ. ಸೀಬೆಯ ಬೀಜ ಕೃತಕ ಹಲ್ಲಿನಡಿ ಚುಚ್ಚುತ್ತೆ, ತೆಗೆದು ಕೊಡಿ.

ಬಸವನಗುಡಿ ಬೆಳಗು
ಸಬ್ಬಸಿಗೆ ಅವರೇ, ಬೆಳಿಗ್ಗೆ ಆರಕ್ಕೆ ಬೇಳೆ ನೆನೆಸಿ ಒಂಬತ್ತಕ್ಕೆ ಅರೆಯೋದು ಕಷ್ಟ. ಹಿಂದಿನ ರಾತ್ರಿಯೇ ಮಾಡಿಡಬಹುದಾ? ಬೆಂದ ಉಂಡೆ ಉಳಿದರೆ?

ಸಬ್ಬಸಿಗೆ
ಸಂಜೆ ನೆನೆಸಿ, ಮಲಗುವ ಮುಂಚೆ ಅರೆದು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ. ಉಪ್ಪು, ಕಾಯಿ, ಸೊಪ್ಪು ಮಾತ್ರ ಬೆಳಿಗ್ಗೆ ಸೇರಿಸಿ. ರಾತ್ರಿಯೇ ಉಪ್ಪು ಬಿದ್ದರೆ ಸೊಪ್ಪು ನೀರು ಬಿಟ್ಟು ಬೆಳಿಗ್ಗೆ ಉಂಡೆ ಕೈಯಲ್ಲೇ ಹರಡುತ್ತೆ. ಹಾಗೇನಾದರೂ ಆದರೆ ಒಂದು ಚಮಚ ಅಕ್ಕಿ ಹಿಟ್ಟು ಹಾಕಿ ಕಟ್ಟಿ. ಬೆಂದು ಉಳಿದದ್ದು ಫ್ರಿಜ್ಜಲ್ಲಿ ಮರುದಿನದ ತನಕ ಸರಿ, ಆದರೆ ಮೈಕ್ರೋವೇವ್‌ನಲ್ಲಿ ಬಿಸಿಮಾಡಬೇಡಿ, ಅಂಚು ಒಣಗಿ ಗಟ್ಟಿಯಾಗುತ್ತೆ. ಇಡ್ಲಿ ಪಾತ್ರೆಯಲ್ಲಿ ನಾಲ್ಕು ನಿಮಿಷ ಮತ್ತೆ ಆವಿ ಕೊಡಿ.